ಆಗಸ್ಟ್ ಪಟ್ಟಿ, ಜನವರಿಯ ನೆನಪು

ಅಮೆರಿಕದ ಕಾಲೇಜು ಫುಟ್‌ಬಾಲ್‌ಗೂ ಒಂದು ಪಂಚಾಂಗ ಶ್ರವಣ ಇದೆ. ಅದು ನಡೆಯುವುದು ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ, ಇನ್ನೂ ಒಂದು ಪಂದ್ಯವೂ ಆಗಿರದ ಹೊತ್ತಿನಲ್ಲಿ. ಅರವತ್ತು ಚಿಲ್ಲರೆ ಪತ್ರಕರ್ತರು ತಲಾ 25 ತಂಡಗಳ ಪಟ್ಟಿಯನ್ನು ಅಸೋಸಿಯೇಟೆಡ್ ಪ್ರೆಸ್‌ಗೆ ಕಳಿಸುತ್ತಾರೆ. ಮೊದಲ ಸ್ಥಾನಕ್ಕೆ 25 ಅಂಕ, ಎರಡನೆಯದಕ್ಕೆ 24, ಹೀಗೆ ಇಳಿಯುತ್ತ ಕೊನೆಯದಕ್ಕೆ 1. ಎಲ್ಲ ಕೂಡಿದರೆ ಎಪಿ ಪ್ರೀಸೀಸನ್ ಪಟ್ಟಿ. ವಾರದ ಪಟ್ಟಿ ಶುರುವಾದದ್ದು 1936ರಲ್ಲಿ; ಆಟಕ್ಕೆ ಮುಂಚೆಯೇ ಫಲ ಹೇಳುವ ಪದ್ಧತಿ ಬಂದದ್ದು 1950ರಲ್ಲಿ.

ಫಲ ಎಷ್ಟು ನಿಜವಾಗಿದೆ? 1950ರಿಂದ 2025ರವರೆಗೆ 76 ಪಟ್ಟಿ. ಆಗಸ್ಟ್‌ನಲ್ಲಿ ಮೊದಲಿದ್ದ ತಂಡ ಕೊನೆಯಲ್ಲೂ ಮೊದಲಿದ್ದದ್ದು 11 ಸಲ. ಅದರಲ್ಲಿ ನಾಲ್ಕು ಓಕ್ಲಹೋಮಾದ ಪಾಲು (1956, 1974, 1975, 1985), ಎರಡು ಫ್ಲೋರಿಡಾ ಸ್ಟೇಟ್‌ನದು. ತೀರಾ ಇತ್ತೀಚಿನದು 2017ರ ಅಲಬಾಮಾ. ಒಂದು ವಾರವೂ ಜಾರದೆ ಮೊದಲಿಂದ ಕೊನೆಯವರೆಗೆ ಗದ್ದುಗೆಯಲ್ಲೇ ಕೂತವು ಎರಡೇ ತಂಡ: 1999ರ ಫ್ಲೋರಿಡಾ ಸ್ಟೇಟ್ ಮತ್ತು 2004ರ ಯುಎಸ್‌ಸಿ. ಇನ್ನೊಂದು ತುದಿಯಲ್ಲಿ 1964ರ ಓಲ್ ಮಿಸ್ ಮತ್ತು 2012ರ ಯುಎಸ್‌ಸಿ ಇವೆ. ಮೊದಲ ಸ್ಥಾನದಿಂದ ಹೊರಟು ಒಂದು 5-5-1ಕ್ಕೆ (ಐದು ಗೆಲುವು, ಐದು ಸೋಲು, ಒಂದು ಡ್ರಾ), ಇನ್ನೊಂದು 7-6ಕ್ಕೆ ಮುಗಿಸಿ ಪಟ್ಟಿಯಿಂದಲೇ ಉದುರಿದವು.

ಈ ಲೆಕ್ಕ ತೋರಿಸಿ ಪತ್ರಕರ್ತರನ್ನು ಗೇಲಿ ಮಾಡುವುದು ಪ್ರತಿ ವರ್ಷದ ಚಾಳಿ. ನನಗೆ ಅದು ಅನ್ಯಾಯ ಅನಿಸುತ್ತದೆ. 2025ರಲ್ಲಿ ಮೇಲ್ದರ್ಜೆಯಲ್ಲಿ 136 ತಂಡಗಳಿದ್ದವು. ಅದರಲ್ಲಿ ಒಂದರ ಮೇಲೆ ಬೆರಳಿಟ್ಟು ಏಳು ಸಲಕ್ಕೊಮ್ಮೆ ಸರಿ ಹೇಳುವುದು ಸಣ್ಣ ಮಾತಲ್ಲ. ಅತಿ ಮೆಚ್ಚಿನ ತಂಡಕ್ಕೂ ಬೆಟ್ಟಿಂಗ್ ಮಾರುಕಟ್ಟೆ ಆಗಸ್ಟ್‌ನಲ್ಲಿ ಕೊಡುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕಿಂತ ಬಹಳ ಕಡಿಮೆ. ಪಟ್ಟಿಯ ನಿಜವಾದ ತೊಂದರೆ ಬೇರೆ. ಅದು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಅಂಕಿಯಲ್ಲಿ ಉತ್ತರ ಕೊಡುತ್ತದೆ. ಇವತ್ತು ಯಾರು ಬಲಶಾಲಿ? ಯಾರು ಹೆಚ್ಚು ಪಂದ್ಯ ಗೆಲ್ಲುತ್ತಾರೆ? ಜನವರಿಯಲ್ಲಿ ಟ್ರೋಫಿ ಯಾರ ಕೈಯಲ್ಲಿ? ಒಂದರ ಉತ್ತರ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ.

2024 ಇದನ್ನು ಚೆನ್ನಾಗಿ ತೋರಿಸಿತು. ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಸುತ್ತು, ಅಂದರೆ ಪ್ಲೇಆಫ್, 4 ತಂಡಗಳಿಂದ 12ಕ್ಕೆ ಹಿಗ್ಗಿದ ಮೊದಲ ವರ್ಷ ಅದು. ಎರಡನೇ ಸ್ಥಾನದಿಂದ ಹೊರಟ ಒಹಾಯೊ ಸ್ಟೇಟ್, ಓರೆಗಾನ್ ಎದುರು 32-31ಕ್ಕೆ ಸೋತಿತು. ಆಮೇಲೆ ಸುಮಾರು 20 ಅಂಕಗಳಿಂದ ಗೆಲ್ಲಬೇಕಿದ್ದ ಪಂದ್ಯದಲ್ಲಿ ತನ್ನ ಮನೆಯಂಗಳದಲ್ಲೇ ಮಿಶಿಗನ್‌ಗೆ 13-10ಕ್ಕೆ ಶರಣಾಯಿತು. ತನ್ನ ಕಾನ್ಫರೆನ್ಸ್ (ತಮ್ಮೊಳಗೆ ಆಡುವ ತಂಡಗಳ ಗುಂಪು) ಆದ ಬಿಗ್ ಟೆನ್‌ನ ಪ್ರಶಸ್ತಿಯ ಪಂದ್ಯಕ್ಕೂ ಹೋಗಲಿಲ್ಲ. ಎಂಟನೇ ಸೀಡ್ ಆಗಿ ಒಳಗೆ ಬಂದು, ನಾಲ್ಕು ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಫೈನಲ್‌ನಲ್ಲಿ ಅದು 34-23ಕ್ಕೆ ಸೋಲಿಸಿದ ನೋಟರ್ ಡೇಮ್, ಸೆಪ್ಟೆಂಬರ್‌ನಲ್ಲಿ ನಾರ್ದರ್ನ್ ಇಲಿನಾಯ್ ಎಂಬ ಸಣ್ಣ ತಂಡದ ಎದುರು 16-14ಕ್ಕೆ ಮುಗ್ಗರಿಸಿತ್ತು. ನಾಲ್ಕೇ ತಂಡದ ಕಾಲದಲ್ಲಿ ಇವೆರಡರಲ್ಲಿ ಒಂದಕ್ಕಾದರೂ ಬಾಗಿಲು ಮುಚ್ಚುವ ಸಂಭವವೇ ಹೆಚ್ಚಿತ್ತು. ಹಾಗಾಗಿ ಈಗ ಭವಿಷ್ಯ ಬರೆಯುವವರು ಒಂದು ತಂಡಕ್ಕೆ ಮೂರು ಅಂಕಿ ಇಡಬೇಕು: ಬಲದ ಅಂದಾಜು, ಗೆಲುವಿನ ಅಂದಾಜು, 12ರೊಳಗೆ ಸೇರುವ ಸಾಧ್ಯತೆ. ಒಂದೇ ಅಂಕಿ ಕೊಡುವವರ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿದರೆ ಸಾಕು.

ಬಲದ ಅಂದಾಜಿನಿಂದ ಶುರು ಮಾಡೋಣ. ಇಲ್ಲಿ ದೊಡ್ಡ ಮೋಸಗಾರ ಕಳೆದ ವರ್ಷದ ಗೆಲುವು-ಸೋಲಿನ ಪಟ್ಟಿ. ಎಂಟು ಅಥವಾ ಅದಕ್ಕಿಂತ ಕಡಿಮೆ ಅಂಕಗಳ ಅಂತರದ ಪಂದ್ಯವನ್ನು ಒಂದೇ ಸ್ಕೋರಿನ ಪಂದ್ಯ ಅನ್ನುತ್ತಾರೆ. ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವುದು) ಮತ್ತು ಅದರ ಬೆನ್ನಿಗೆ ಸಿಗುವ ಎರಡಂಕದ ಕನ್ವರ್ಷನ್ ಸೇರಿದರೆ ಎಂಟು. ಇಂಥ ಪಂದ್ಯಗಳಲ್ಲಿ ಒಂದು ವರ್ಷ ಸಾಲಾಗಿ ಗೆದ್ದ ತಂಡ ಮರುವರ್ಷವೂ ಹಾಗೆಯೇ ಗೆಲ್ಲುವುದು ಅಪರೂಪ. 2022ರಲ್ಲಿ ಟಿಸಿಯು ಆಗಸ್ಟ್ ಪಟ್ಟಿಯಲ್ಲೇ ಇರಲಿಲ್ಲ. ಕೂದಲೆಳೆಯ ಗೆಲುವುಗಳನ್ನು ಪೋಣಿಸಿಕೊಂಡು ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು, ಅಲ್ಲಿ ಜಾರ್ಜಿಯಾದ ಕೈಯಲ್ಲಿ 65-7ಕ್ಕೆ ಸಿಕ್ಕಿತು. ಮರುವರ್ಷ 17ನೇ ಸ್ಥಾನ ಕೊಟ್ಟರು. ಕೊಲರಾಡೊ ಎದುರು ಮೊದಲ ಪಂದ್ಯವನ್ನೇ 45-42ಕ್ಕೆ ಸೋತು, 5-7ಕ್ಕೆ ಮುಗಿಸಿತು.

ಇದರ ತಿರುವುಮುರುವು ಕೂಡ ಎಚ್ಚರದಿಂದ ಓದಬೇಕಾದ ವಿಷಯ. 2021ರ ನೆಬ್ರಾಸ್ಕಾ 3-9. ಆದರೆ ಒಂಬತ್ತೂ ಸೋಲು ಒಂದಂಕಿಯ ಅಂತರದವು, ಇಡೀ ವರ್ಷ ಹೊಡೆದ ಅಂಕ ಬಿಟ್ಟುಕೊಟ್ಟದ್ದಕ್ಕಿಂತ 63 ಹೆಚ್ಚು. ಅಂಕಿಅಂಶ ಬಲ್ಲವರೆಲ್ಲ ‘ಮುಂದಿನ ವರ್ಷ ಇವರು ಏಳುತ್ತಾರೆ’ ಎಂದರು. ನೆಬ್ರಾಸ್ಕಾ 2022ನ್ನು ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ಎದುರು ಮೂರಂಕದ ಸೋಲಿನಿಂದಲೇ ಆರಂಭಿಸಿತು, ಮೂರನೇ ಪಂದ್ಯ ಮುಗಿದ ಮೇಲೆ ಕೋಚ್ ಸ್ಕಾಟ್ ಫ್ರಾಸ್ಟ್ ಕೆಲಸ ಹೋಯಿತು, ಕೊನೆಗೆ 4-8. ಅದೃಷ್ಟ ಸರಾಸರಿಗೆ ಮರಳುತ್ತದೆ ನಿಜ. ಆದರೆ ಕೊನೆಯ ನಾಲ್ಕು ನಿಮಿಷದಲ್ಲಿ ಕಿಕ್ಕರ್ ತಪ್ಪುವುದು, ಪಂಟ್ ಒದ್ದ ಚೆಂಡನ್ನು ವಾಪಸ್ ತರುವ ಎದುರಾಳಿಯನ್ನು ತಡೆಯಲಾಗದಿರುವುದು, ಸಲ್ಲದ ಹೊತ್ತಿನಲ್ಲಿ ಆನ್‌ಸೈಡ್ ಕಿಕ್ (ತಾನೇ ಮರಳಿ ಹಿಡಿಯಲೆಂದು ಹತ್ತಿರಕ್ಕೆ ಒದೆಯುವುದು) ಹೊಡೆಯುವುದು ಎಲ್ಲವೂ ಅದೃಷ್ಟವಲ್ಲ. ಸ್ಪೆಷಲ್ ಟೀಮ್ಸ್, ಅಂದರೆ ಒದೆಯುವ ಆಟಗಳಿಗೆ ಇಳಿಯುವ ಪಡೆ, ಕೆಟ್ಟಿದ್ದರೆ ಅದು ದುರಸ್ತಿಯಾಗಬೇಕಾದ ರೋಗ, ತಾನಾಗಿ ಕಳೆಯುವ ಶನಿಕಾಟ ಅಲ್ಲ.

ಸ್ಕೋರ್‌ಬೋರ್ಡ್ ಬಿಟ್ಟು ನೋಡಬೇಕಾದದ್ದು ಪ್ರತಿ ಆಟದ ಯಶಸ್ಸಿನ ದರವನ್ನು. ಹತ್ತು ಗಜ ದಾಟಲು ನಾಲ್ಕು ಯತ್ನ ಸಿಗುತ್ತವೆ. ಮೊದಲ ಯತ್ನದಲ್ಲಿ ಬೇಕಾದ ದೂರದ ಶೇ 50, ಎರಡನೆಯದರಲ್ಲಿ ಉಳಿದದ್ದರ ಶೇ 70, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ ದೂರ ಸಿಕ್ಕರೆ ಆ ಆಟ ಯಶಸ್ವಿ. ಬಿಲ್ ಕಾನೆಲಿ ರೂಪಿಸಿದ ಎಸ್‌ಪಿ ಪ್ಲಸ್ ರೇಟಿಂಗಿನ ಬೆನ್ನೆಲುಬು ಇಂಥ ಲೆಕ್ಕ. ಇದಕ್ಕೆ ಯಾಕೆ ಬೆಲೆ ಅಂದರೆ ಇದು ವರ್ಷದಿಂದ ವರ್ಷಕ್ಕೆ ಅಷ್ಟು ಹಾರಾಡುವುದಿಲ್ಲ. ಟರ್ನೋವರ್, ಅಂದರೆ ಚೆಂಡು ಎದುರಾಳಿಯ ಪಾಲಾಗುವುದು, ಹಾಗಲ್ಲ. ಎದುರಾಳಿಯ ಕೈಯಿಂದ ಚೆಂಡು ಉದುರಿಸುವುದು ಕೌಶಲ್ಯ. ಉದುರಿದ ಚೆಂಡಿನ ಮೇಲೆ ಯಾರು ಬೀಳುತ್ತಾರೆ ಅನ್ನುವುದು ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದಂತೆ. ಉದುರಿದ ಚೆಂಡುಗಳಲ್ಲಿ ಶೇ 70 ಬಾಚಿಕೊಂಡ ತಂಡ ಕಂಡರೆ ಅದರ ಗೆಲುವಿನಿಂದ ಒಂದನ್ನು ಮನಸ್ಸಿನಲ್ಲೇ ಕಳೆದುಬಿಡಿ.

ಎರಡನೇ ಮೋಸ ಇನ್ನೂ ನಯವಾದದ್ದು: ‘ಎಲ್ಲರೂ ವಾಪಸ್ ಬಂದಿದ್ದಾರೆ’ ಎಂಬ ಮಾತು. ಕಳೆದ ವರ್ಷದ ಆಟದಲ್ಲಿ ಶೇಕಡಾ ಎಷ್ಟು ಈ ವರ್ಷವೂ ಮೈದಾನಕ್ಕಿಳಿಯುತ್ತದೆ ಎಂದು ಅಳೆಯುತ್ತಾರೆ. ಉಪಯೋಗದ ಅಳತೆಯೇ. ಆದರೆ 2025 ಅದನ್ನು ಮೂರು ಕಡೆಯಿಂದ ಪರೀಕ್ಷೆಗೊಡ್ಡಿತು.

ಆ ಆಗಸ್ಟ್‌ನ ಪಟ್ಟಿ ನೆನಪಿಸಿಕೊಳ್ಳಿ. ಟೆಕ್ಸಸ್ ಒಂದು, ಪೆನ್ ಸ್ಟೇಟ್ ಎರಡು, ಒಹಾಯೊ ಸ್ಟೇಟ್ ಮೂರು, ಕ್ಲೆಮ್‌ಸನ್ ನಾಲ್ಕು. ಪೆನ್ ಸ್ಟೇಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಡ್ರೂ ಆಲರ್, ಓಟಗಾರರಾದ ನಿಕೊಲಸ್ ಸಿಂಗಲ್ಟನ್ ಮತ್ತು ಕೇಟ್ರಾನ್ ಆಲನ್ ಮೂವರೂ ಉಳಿದಿದ್ದರು. ಚಾಂಪಿಯನ್ ಒಹಾಯೊ ಸ್ಟೇಟ್‌ನಿಂದ ಡಿಫೆನ್ಸ್ ಕೋಚ್ ಜಿಮ್ ನೋಲ್ಸ್ ಅವರನ್ನೂ ಕರೆತಂದಿದ್ದರು. ಕಾಗದದ ಮೇಲೆ ಕುಂದೇ ಇಲ್ಲ. ಕೇಳಬೇಕಿದ್ದ ಪ್ರಶ್ನೆ ಒಂದೇ: ವಾಪಸ್ ಬಂದದ್ದು ಏನು? ಕೋಚ್ ಜೇಮ್ಸ್ ಫ್ರಾಂಕ್ಲಿನ್ ತಂಡ ಹಿಂದಿನ ವರ್ಷ ಸೆಮಿಫೈನಲ್‌ನ ಕೊನೆಯ ನಿಮಿಷದಲ್ಲಿ ಆಲರ್ ಎಸೆದ ಚೆಂಡು ಎದುರಾಳಿ ಕೈಸೇರಿ ಸೋತಿತ್ತು. ಅಗ್ರ ಹತ್ತರ ತಂಡಗಳ ಎದುರು ಗೆಲ್ಲದಿರುವುದೇ ಅದರ ಹಳೆಯ ಕಾಯಿಲೆ. ವಾಪಸ್ ಬಂದದ್ದು ಆ ಕಾಯಿಲೆಯೂ ಸೇರಿದಂತೆ. ಓರೆಗಾನ್ ಎದುರು ಎರಡು ಓವರ್‌ಟೈಮ್ ಆಡಿ 30-24ಕ್ಕೆ ಸೋಲು. ಮರುವಾರ ಅಲ್ಲಿಯವರೆಗೆ ಒಂದೂ ಗೆದ್ದಿರದ ಯುಸಿಎಲ್‌ಎ ಕೈಯಲ್ಲಿ 42-37. ಅದರ ಮರುವಾರ ನಾರ್ತ್‌ವೆಸ್ಟರ್ನ್ ಎದುರು 22-21, ಆಲರ್‌ಗೆ ಗಾಯ. ಅಕ್ಟೋಬರ್ 12ರಂದು ಫ್ರಾಂಕ್ಲಿನ್ ವಜಾ. ಕ್ಲೆಮ್‌ಸನ್ ಕತೆಯೂ ಹೆಚ್ಚು ಬೇರೆಯಲ್ಲ: ಅನುಭವಿ ಕ್ವಾರ್ಟರ್‌ಬ್ಯಾಕ್ ಕೇಡ್ ಕ್ಲುಬ್ನಿಕ್ ಇದ್ದೂ ಮೊದಲ ಪಂದ್ಯದಲ್ಲೇ ಎಲ್‌ಎಸ್‌ಯುಗೆ 17-10ಕ್ಕೆ ಸೋಲು. ಆಗಸ್ಟ್‌ನ ಎರಡನೇ ಮತ್ತು ನಾಲ್ಕನೇ ತಂಡಗಳು ಕೊನೆಗೆ ಪರಸ್ಪರ ಎದುರಾದದ್ದು ಡಿಸೆಂಬರ್‌ನಲ್ಲಿ, ಪ್ಲೇಆಫ್‌ಗೆ ಸೇರದವರ ಪಿನ್‌ಸ್ಟ್ರೈಪ್ ಬೌಲ್ ಎಂಬ ಪಂದ್ಯದಲ್ಲಿ, ನ್ಯೂಯಾರ್ಕಿನ ಒಂದು ಬೇಸ್‌ಬಾಲ್ ಮೈದಾನದಲ್ಲಿ. ಎರಡೂ 7-6ಕ್ಕೆ ವರ್ಷ ಮುಗಿಸಿದವು.

ಅತ್ತ ಒಹಾಯೊ ಸ್ಟೇಟ್ 14 ಆಟಗಾರರನ್ನು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ಗೆ (ಆಟಗಾರರ ಆಯ್ಕೆಗೆ) ಕಳಿಸಿಕೊಟ್ಟಿತ್ತು, ನೋಲ್ಸ್ ಅವರನ್ನೂ ಕಳೆದುಕೊಂಡಿತ್ತು, ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ಇಳಿಸಿತ್ತು. ಆದರೂ ಲೀಗ್ ಹಂತದ 12 ಪಂದ್ಯಗಳನ್ನೂ ಗೆದ್ದಿತು. ಯಾಕೆಂದರೆ ಅಲ್ಲಿ ಬೆಂಚಿನ ಮೇಲೆ ಕಾಯುತ್ತಿದ್ದವರೇ ಬೇರೆ ಕಡೆ ಮೊದಲ ಆಯ್ಕೆಯಾಗಬಹುದಾದವರು. ಹೋದವರ ಲೆಕ್ಕಕ್ಕಿಂತ ಸರತಿಯಲ್ಲಿ ನಿಂತವರ ಲೆಕ್ಕ ಮುಖ್ಯ. ಟೆಕ್ಸಸ್ ಇವೆರಡರ ನಡುವೆ ಸಿಕ್ಕಿತು. ಎಲ್ಲರ ಕಣ್ಣು ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ಮೇಲಿತ್ತು. ಆತನ ಮುಂದೆ ಗೋಡೆಯಾಗಿ ನಿಲ್ಲಬೇಕಾದ ಐವರಲ್ಲಿ ನಾಲ್ವರು ಹೊಸಬರು ಎಂಬುದನ್ನು ಪಟ್ಟಿ ಬರೆದವರು ಹಗುರವಾಗಿ ದಾಟಿದರು. ಮೊದಲ ಪಂದ್ಯವೇ ಕೊಲಂಬಸ್‌ನಲ್ಲಿ, ಒಹಾಯೊ ಸ್ಟೇಟ್ ಎದುರು, 14-7ರ ಸೋಲು. ಆಮೇಲೆ ಫ್ಲೋರಿಡಾಗೆ ಸೋತು ಪಟ್ಟಿಯಿಂದಲೇ ಹೊರಬಿತ್ತು. 9-3ಕ್ಕೆ ಚೇತರಿಸಿಕೊಂಡರೂ ಪ್ಲೇಆಫ್ ಸಿಗಲಿಲ್ಲ.

ಆ ಐವರ ಗೋಡೆ, ಅಂದರೆ ಆಫೆನ್ಸಿವ್ ಲೈನ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಲೇಬೇಕು, ಯಾಕೆಂದರೆ ಟಿವಿಯಲ್ಲಿ ಅವರನ್ನು ಯಾರೂ ನೋಡುವುದಿಲ್ಲ. ಐವರ ಹೆಸರಿನ ಎದುರು ಅವರು ಈವರೆಗೆ ಎಷ್ಟು ಪಂದ್ಯ ಆರಂಭಿಸಿದ್ದಾರೆ ಎಂದು ಬರೆದು ಕೂಡಿ. ಮೊತ್ತ ನೂರರ ಹತ್ತಿರ ಇದ್ದರೆ ನೆಮ್ಮದಿ. ಮೂವತ್ತರ ಕೆಳಗಿದ್ದರೆ ಸೆಪ್ಟೆಂಬರ್ ಕಷ್ಟ. ಒಬ್ಬೊಬ್ಬರ ಪ್ರತಿಭೆಗಿಂತ ಒಗ್ಗಟ್ಟಿನ ಅಭ್ಯಾಸ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಎದುರಾಳಿ ಇಬ್ಬರು ಜಾಗ ಅದಲುಬದಲಾಗಿ ನುಗ್ಗಿದಾಗ ಗಾರ್ಡ್ ಮತ್ತು ಟ್ಯಾಕಲ್ ಮಾತಿಲ್ಲದೆ ತಮ್ಮ ಪಾಲು ಬದಲಿಸಿಕೊಳ್ಳಬೇಕು. ಅರ್ಧ ಸೆಕೆಂಡ್ ತಡವಾದರೆ ಕ್ವಾರ್ಟರ್‌ಬ್ಯಾಕ್ ನೆಲದ ಮೇಲೆ. ಹೊಸ ಲೈನ್ ಇರುವ ತಂಡಕ್ಕೆ ಮೊದಲ ಮೂರು ವಾರದಲ್ಲಿ ಹೊರಗಿನ ಮೈದಾನದ ದೊಡ್ಡ ಪಂದ್ಯವಿದ್ದರೆ, ನಾನಾದರೆ ಮಾರುಕಟ್ಟೆಯ ಅಂದಾಜಿನಿಂದ ಎರಡು ಮೂರು ಅಂಕ ಕಡಿತ ಮಾಡುತ್ತೇನೆ.

ಮೂರನೆಯ ಪರೀಕ್ಷೆ ಇಂಡಿಯಾನಾ. 2023ರಲ್ಲಿ 3-9. ಜೇಮ್ಸ್ ಮ್ಯಾಡಿಸನ್‌ನಿಂದ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದರು, ತಮ್ಮ ಹಳೆಯ ತಂಡದ ಹತ್ತಕ್ಕೂ ಹೆಚ್ಚು ಹುಡುಗರನ್ನು ಜೊತೆಗೆ ತಂದರು. 2024ರ ಬಿಗ್ ಟೆನ್ ಸಮೀಕ್ಷೆಯಲ್ಲಿ 18 ತಂಡಗಳ ಪೈಕಿ 17ನೇ ಸ್ಥಾನ ಪಡೆದಿದ್ದವರು 11-2 ಮಾಡಿದರು. ಸುಲಭದ ವೇಳಾಪಟ್ಟಿ, ಒಹಾಯೊ ಸ್ಟೇಟ್ ಮತ್ತು ನೋಟರ್ ಡೇಮ್ ಎದುರು ಬಯಲಾಯಿತಲ್ಲ ಎಂದು 2025ರಲ್ಲಿ 20ನೇ ಸ್ಥಾನ ಕೊಟ್ಟರು. ಕ್ಯಾಲ್‌ನಿಂದ ಬಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾಗೆ ವರ್ಷದ ಶ್ರೇಷ್ಠ ಆಟಗಾರನ ಹೈಸ್‌ಮನ್ ಪ್ರಶಸ್ತಿ ಬಂತು, ಒಹಾಯೊ ಸ್ಟೇಟ್ ಎದುರು 13-10ಕ್ಕೆ ಬಿಗ್ ಟೆನ್ ಬಂತು, ಮಿಯಾಮಿಯನ್ನು 27-21ಕ್ಕೆ ಸೋಲಿಸಿ 16-0ರೊಂದಿಗೆ ರಾಷ್ಟ್ರೀಯ ಪ್ರಶಸ್ತಿಯೂ ಬಂತು.

ಇದು ಬರಿ ಅಚ್ಚರಿಯ ಸುದ್ದಿಯಲ್ಲ, ಒಂದು ಸೂತ್ರವನ್ನೇ ಮುರಿಯಿತು. ಬ್ಲೂ ಚಿಪ್ ಅನುಪಾತ ಎಂದು ಕರೆಯುವ ಲೆಕ್ಕ ಇದೆ. ಬಡ್ ಎಲಿಯಟ್ ಅದನ್ನು ಜನಪ್ರಿಯಗೊಳಿಸಿದವರು. ಕಳೆದ ನಾಲ್ಕು ವರ್ಷ ಹೈಸ್ಕೂಲಿನಿಂದ ಸೇರಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪ್ರತಿಭೆ ಅಳೆಯುವವರಿಂದ ನಾಲ್ಕು ಅಥವಾ ಐದು ಸ್ಟಾರ್ ಪಡೆದವರಾಗಿರಬೇಕು. ಇಲ್ಲದಿದ್ದರೆ ಆ ತಂಡ ಚಾಂಪಿಯನ್ ಆಗುವುದಿಲ್ಲ. 136 ತಂಡಗಳ ಕಣಜದಿಂದ ಹದಿನೈದು, ಹದಿನೆಂಟನ್ನು ಸೋಸಿ ಕೊಡುವ ಜರಡಿ ಅದು, ಬಹಳ ವರ್ಷ ಒಮ್ಮೆಯೂ ತಪ್ಪಿರಲಿಲ್ಲ. ಇಂಡಿಯಾನಾ ಆ ಗೆರೆಯ ಹತ್ತಿರಕ್ಕೂ ಇರಲಿಲ್ಲ. ತಪ್ಪಿದ್ದು ಯಾಕೆ? ಸ್ಟಾರ್ ಕೊಡುವುದು 17ರ ಹುಡುಗನಿಗೆ. ಇಂಡಿಯಾನಾದಲ್ಲಿ ಆಡಿದ ಹಲವರು ಸಣ್ಣ ತಂಡಗಳಲ್ಲಿ ಮೂರು ನಾಲ್ಕು ವರ್ಷ ಪಳಗಿದ, 22-23ರ ಗಂಡಾಳುಗಳು. ಅವರ ಬೆಲೆಯನ್ನು ಹೈಸ್ಕೂಲ್ ಸ್ಟಾರ್ ಹೇಳುವುದಿಲ್ಲ, ಕಾಲೇಜಿನಲ್ಲಿ ಆಡಿದ ಆಟ ಹೇಳುತ್ತದೆ. 2021ರಿಂದ ಒಂದು ವರ್ಷ ಕೂರದೆಯೇ ತಂಡ ಬದಲಿಸಬಹುದು, 2024ರಿಂದ ಎಷ್ಟು ಸಲ ಬೇಕಾದರೂ. ಹಣದ ದಾರಿಯೂ ತೆರೆಯಿತು: 2025-26ರಿಂದ ಒಂದೊಂದು ವಿಶ್ವವಿದ್ಯಾಲಯ ತನ್ನ ಕ್ರೀಡಾಪಟುಗಳಿಗೆಲ್ಲ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಕೊಡಬಹುದು, ಫುಟ್‌ಬಾಲ್ ತಂಡದ ಮಿತಿ 105 ಮಂದಿ. ಮಿತಿ ಬಂದ ಮೇಲೆ ದೊಡ್ಡವರು ಕೂಡಿಟ್ಟುಕೊಳ್ಳುವುದು ಕಷ್ಟ, ಬೆಂಚಿನಲ್ಲಿ ಕಾಯುವ ತಾಳ್ಮೆಯೂ ಹುಡುಗರಿಗೆ ಕಡಿಮೆ.

ಪೋರ್ಟಲ್, ಅಂದರೆ ತಂಡ ಬದಲಿಸಲು ಹೊರಟವರ ಪಟ್ಟಿ, ಓದುವಾಗ ಎಲ್ಲರೂ ಮಾಡುವ ತಪ್ಪು ತಲೆ ಎಣಿಸುವುದು. ಇಪ್ಪತ್ತು ಬಂದರು, ಹದಿನೆಂಟು ಹೋದರು. ಎಣಿಸಬೇಕಾದದ್ದು ಅವರು ಕಳೆದ ವರ್ಷ ಮೈದಾನದಲ್ಲಿ ಆಡಿದ ಸ್ನ್ಯಾಪ್‌ಗಳನ್ನು, ಅಂದರೆ ಒಂದೊಂದು ಯತ್ನವನ್ನು. 600 ಸ್ನ್ಯಾಪ್ ಆಡಿದ ಕಾರ್ನರ್‌ಬ್ಯಾಕ್ ಒಬ್ಬ, ಒಟ್ಟು 90 ಆಡಿದ ಆರು ಮಂದಿಗೆ ಸಮನಲ್ಲ, ಹೆಚ್ಚು. 2026ರಿಂದ ಪೋರ್ಟಲ್ ಬಾಗಿಲು ಜನವರಿ 2ರಿಂದ 16ರವರೆಗೆ ಒಮ್ಮೆ ಮಾತ್ರ ತೆರೆಯುತ್ತದೆ. ಏಪ್ರಿಲ್‌ನ ಎರಡನೇ ಸಂತೆ ನಿಂತಿತು. ಇದರಿಂದ ನಮ್ಮಂಥವರಿಗೆ ದೊಡ್ಡ ಅನುಕೂಲ: ಫೆಬ್ರುವರಿಯಲ್ಲಿ ಕೂತು ಬರೆದ ಅಂದಾಜು ಆಗಸ್ಟ್‌ವರೆಗೂ ಬಹುಮಟ್ಟಿಗೆ ಹಳಸುವುದಿಲ್ಲ.

ಇನ್ನು ಗೆಲುವಿನ ಅಂದಾಜು. ಬಹುತೇಕ ಭವಿಷ್ಯಗಳು ಹಳ್ಳ ಹಿಡಿಯುವುದು ಇಲ್ಲೇ. ವೇಳಾಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಪಂದ್ಯಕ್ಕೆ ‘ಇದು ಗೆಲ್ತಾರೆ, ಇದೂ ಗೆಲ್ತಾರೆ’ ಎಂದು ಟಿಕ್ ಹಾಕುತ್ತ ಹೋದರೆ ಕೊನೆಗೆ 12-0 ಅಥವಾ 11-1 ಬರುತ್ತದೆ. ಟಿಕ್ ಬದಲು ಸಾಧ್ಯತೆ ಬರೆಯಿರಿ. ಕಾಲೇಜು ಆಟದಲ್ಲಿ ಊಹಿಸಿದ ಅಂತರಕ್ಕೂ ನಿಜವಾದ ಅಂತರಕ್ಕೂ ಇರುವ ಏರಿಳಿತ, ಪ್ರಮಾಣಿತ ವಿಚಲನೆಯ ಲೆಕ್ಕದಲ್ಲಿ, ಸುಮಾರು 16 ಅಂಕ. ಅದರಂತೆ 3 ಅಂಕದ ಮೇಲುಗೈ ಇದ್ದರೆ ಗೆಲ್ಲುವ ಸಾಧ್ಯತೆ ಶೇ 57, 7 ಇದ್ದರೆ 67, 14 ಇದ್ದರೆ 81, 21ಕ್ಕೆ 90, 28ಕ್ಕೆ 96. ಮನೆಯಂಗಳಕ್ಕೆ ಎರಡೂವರೆ ಅಂಕ ಸೇರಿಸಿ.

ಈಗ ಒಂದು ಒಳ್ಳೆಯ ತಂಡ ಅಂದುಕೊಳ್ಳಿ. ಹನ್ನೆರಡೂ ಪಂದ್ಯಗಳಲ್ಲಿ ಅದೇ ಮೆಚ್ಚಿನದು: ಮೂರರಲ್ಲಿ 28 ಅಂಕಗಳಿಂದ, ನಾಲ್ಕರಲ್ಲಿ 14ರಿಂದ, ಮೂರರಲ್ಲಿ 7ರಿಂದ, ಎರಡರಲ್ಲಿ 3ರಿಂದ. ಟಿಕ್ ಹಾಕಿದರೆ 12-0. ಸಾಧ್ಯತೆಗಳನ್ನು ಕೂಡಿದರೆ 2.88, 3.24, 2.01, 1.14, ಒಟ್ಟು 9.27 ಗೆಲುವು. ಎಲ್ಲವನ್ನೂ ಗುಣಿಸಿದರೆ ಸೋಲೇ ಇಲ್ಲದೆ ಮುಗಿಸುವ ಸಾಧ್ಯತೆ ಶೇ 4ರೊಳಗೆ. ಒಂದೂ ಪಂದ್ಯದಲ್ಲಿ ಹಿಂದಿಲ್ಲದ ತಂಡ ಮೂರು ಸೋತರೆ ಅಭಿಮಾನಿಗಳು ಕೋಚ್ ತಲೆ ಕೇಳುತ್ತಾರೆ. ಆದದ್ದು ಮಾತ್ರ ಲೆಕ್ಕಕ್ಕೆ ತಕ್ಕದ್ದೇ.

ಇನ್ನೊಂದು ತಾಳೆ ಇದೆ, ಅದನ್ನು ಮಾಡದ ಪಟ್ಟಿಯನ್ನು ನಾನು ಓದುವುದೇ ಇಲ್ಲ. ಒಂದು ಕಾನ್ಫರೆನ್ಸಿನ ಒಳಗಿನ ಗೆಲುವುಗಳು ಎಷ್ಟೋ ಸೋಲುಗಳೂ ಅಷ್ಟೇ. ಬಿಗ್ ಟೆನ್‌ನಲ್ಲಿ 18 ತಂಡ, ತಲಾ 9 ಪಂದ್ಯ: ಒಟ್ಟು 81 ಗೆಲುವು. ಎಸ್‌ಇಸಿ ಎಂಬ ಇನ್ನೊಂದು ಕಾನ್ಫರೆನ್ಸಿನಲ್ಲಿ 16 ತಂಡ, 2025ರವರೆಗೆ ತಲಾ 8: ಒಟ್ಟು 64. ನಿಮ್ಮ ಹದಿನಾರು ಅಂದಾಜುಗಳನ್ನು ಕೂಡಿದಾಗ 71 ಬಂದರೆ ಏಳು ಗೆಲುವು ಗಾಳಿಯಿಂದ ಹುಟ್ಟಿವೆ ಎಂದರ್ಥ. 2026ರಿಂದ ಎಸ್‌ಇಸಿ ಕೂಡ 9 ಪಂದ್ಯಕ್ಕೆ ಬಂದಿದೆ, ಮೊತ್ತ 72. ಆ ಒಂಬತ್ತನೆಯದು ಬಹುತೇಕ ತಂಡಗಳಿಗೆ ಕಾನ್ಫರೆನ್ಸಿನ ಹೊರಗಿನ ಒಂದು ಸುಲಭದ ಪಂದ್ಯದ ಜಾಗದಲ್ಲಿ ಬಂದದ್ದು. ಶೇ 96 ಇದ್ದಲ್ಲಿ ಸರಾಸರಿ 50 ಅಂದರೆ ತಂಡಕ್ಕೆ ಹೆಚ್ಚು ಕಡಿಮೆ ಅರ್ಧ ಗೆಲುವು ನಷ್ಟ. ಕಳೆದ ವರ್ಷದ 10-2ರ ಬಲ ಈ ವರ್ಷ 9-3 ಕಾಣಿಸಿದರೆ ತಂಡ ಕುಸಿಯಿತು ಎಂದು ಬರೆಯಬೇಡಿ.

12ರೊಳಗೆ ಸೇರುವ ಸಾಧ್ಯತೆ ಮೂರನೆಯದು, ಅದರಲ್ಲಿ ಬಲದಷ್ಟೇ ನಿಯಮವೂ ಆಡುತ್ತದೆ. 2025ರಲ್ಲಿ ಐದು ಜಾಗ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ, ಏಳು ಉಳಿದವರಿಗೆ. ಹಾಗಾಗಿ ಟುಲೇನ್, ಜೇಮ್ಸ್ ಮ್ಯಾಡಿಸನ್ ಒಳಗೆ ಬಂದವು, 10-2ರ ನೋಟರ್ ಡೇಮ್ ಹೊರಗುಳಿಯಿತು. ಆ ಏಳರಲ್ಲಿ ಕೊನೆಯ ಜಾಗ ಸಿಕ್ಕಿದ್ದು ಅಷ್ಟೇ ಗೆದ್ದ ಮಿಯಾಮಿಗೆ. ಆಗಸ್ಟ್ 31ರಂದು ಅದು ನೋಟರ್ ಡೇಮ್ ಅನ್ನು 27-24ಕ್ಕೆ ಸೋಲಿಸಿತ್ತು. ಮೊದಲ ವಾರದ ಮೂರಂಕ ಡಿಸೆಂಬರ್‌ನಲ್ಲಿ ಬಾಗಿಲ ಕೀಲಿಯಾಯಿತು, ಆ ಮಿಯಾಮಿ ಫೈನಲ್‌ವರೆಗೂ ಹೋಯಿತು. ಕಾನ್ಫರೆನ್ಸ್ ಇಲ್ಲದ ನೋಟರ್ ಡೇಮ್‌ಗೆ ಚಾಂಪಿಯನ್ ಎಂಬ ದಾರಿಯೇ ಇಲ್ಲ. ಅದರ ಸಾಧ್ಯತೆಯನ್ನು ಲೆಕ್ಕ ಹಾಕುವಾಗ ಇದನ್ನು ಬೇರೆಯಾಗಿ ಕಳೆಯಬೇಕು.

ಮೊದಲ ವಾರದ ಮಾತು ಬಂದದ್ದಕ್ಕೆ: ಅಂದಾಜು ತಿದ್ದುವ ಕೈ ನಿಧಾನವಾಗಿರಲಿ. 2025ರ ಮೊದಲ ಶನಿವಾರ, ಹಿಂದಿನ ವರ್ಷ 2-10 ಆಗಿದ್ದ ಫ್ಲೋರಿಡಾ ಸ್ಟೇಟ್ ಎಂಟನೇ ಸ್ಥಾನದ ಅಲಬಾಮಾವನ್ನು 31-17ಕ್ಕೆ ಬಡಿಯಿತು. ಮರುದಿನವೇ ಒಬ್ಬರು ಎದ್ದರು, ಒಬ್ಬರು ಮುಗಿದರು ಎಂದು ಬರೆದವರು ಬಹಳ. ಅಲಬಾಮಾ ಪ್ಲೇಆಫ್ ಸೇರಿತು, ಫ್ಲೋರಿಡಾ ಸ್ಟೇಟ್ 5-7ಕ್ಕೆ ಮುಗಿಸಿತು. ಮೊದಲ ಪಂದ್ಯದ ನಂತರ ಹಳೆಯ ಅಂದಾಜಿಗೆ ಹೆಚ್ಚಿನ ತೂಕ ಕೊಟ್ಟು, ನಾಲ್ಕೈದು ಪಂದ್ಯವಾದ ಮೇಲೆ ಹೊಸದಕ್ಕೆ ಸಮಪಾಲು ಕೊಡುವುದು ನನ್ನ ಮಟ್ಟಿಗೆ ಹದವಾದ ಅಳತೆ. ಕ್ವಾರ್ಟರ್‌ಬ್ಯಾಕ್ ಗಾಯ ಮಾತ್ರ ಇದಕ್ಕೆ ಹೊರತು, ಅದಕ್ಕೆ ಆ ದಿನವೇ ತಿದ್ದಬೇಕು.

ಎಂ.ಎಸ್. ಓದಲು ಹೋದ ಮಕ್ಕಳಿಂದಾಗಿ ಕೊಲಂಬಸ್, ಟೆಂಪಿ, ಆಸ್ಟಿನ್ ಹೆಸರುಗಳು ನಮ್ಮ ಮನೆಗಳಲ್ಲೂ ಓಡಾಡುತ್ತವೆ. ಆ ಊರುಗಳ ಶನಿವಾರದ ಗುಂಗು ಹತ್ತಿಸಿಕೊಂಡವರು ಒಂದು ವರ್ಷ ಅಂದಾಜು ಬರೆದಿಡಬಹುದು. ಇಪ್ಪತ್ತು ಪ್ರಶ್ನೆ ಸಾಕು: ಟೆಕ್ಸಸ್ 12ರೊಳಗೆ ಬರುತ್ತದೆಯೇ, ಇಂಡಿಯಾನಾ ಹತ್ತು ಗೆಲ್ಲುತ್ತದೆಯೇ, ಹೀಗೆ. ಪ್ರತಿಯೊಂದಕ್ಕೂ ಸಾಧ್ಯತೆ, ದಿನಾಂಕ. ಜನವರಿಯಲ್ಲಿ ಆದದ್ದಕ್ಕೆ 1, ಆಗದ್ದಕ್ಕೆ 0 ಇಟ್ಟು, ನಿಮ್ಮ ಅಂಕಿಯೊಂದಿಗಿನ ವ್ಯತ್ಯಾಸವನ್ನು ವರ್ಗ ಮಾಡಿ, ಸರಾಸರಿ ತೆಗೆಯಿರಿ. 0.8 ಎಂದದ್ದು ಆದರೆ ದಂಡ 0.04, ಆಗದಿದ್ದರೆ 0.64. ಎಲ್ಲದಕ್ಕೂ ಕಣ್ಣು ಮುಚ್ಚಿ 0.5 ಬರೆದವನ ಸರಾಸರಿ 0.25. ನಿಮ್ಮದು ಅದಕ್ಕಿಂತ ಮೇಲೆ ಬಂದರೆ 0.9, 0.95 ಎಂದು ಬರೆದ ಸಾಲುಗಳನ್ನು ಮೊದಲು ಹುಡುಕಿ; ನಷ್ಟವಾಗಿರುವುದು ಬಹುಪಾಲು ಅಲ್ಲೇ.